ನೂರಾ ಹದಿನಾಲ್ಕು ಎಳೆ

3-2-2003, ಸೋಮವಾರ. ರಾತ್ರಿ 2-40

ಲಾರಿಯೊಂದು ಗೇರು ಇಳಿಸಿದ ಸದ್ದಿಗೆ ಎಚ್ಚರ. ಅದಿರಿನ ಲಾರಿ ಇರಬೇಕು. ಕಿರವತ್ತಿಯಲ್ಲಿ, ಹೆದ್ದಾರಿಗೆ ಬೆನ್ನು ಕೊಟ್ಟ ಮನೆಯಲ್ಲಿ, ಇದೇನು ಹೊಸತಲ್ಲ. ಆದರೂ ಪ್ರತಿ ಸಲ ಎದ್ದು ಕೂರುತ್ತೇನೆ. ಇವರು ಲಾರಿ ಬಿಟ್ಟು ಹತ್ತು ತಿಂಗಳಾಯಿತು ಎಂಬುದು ನೆನಪಾಗಲು ಅರ್ಧ ನಿಮಿಷ ಬೇಕು. ಪಕ್ಕದಲ್ಲೇ ಮಲಗಿದ್ದಾರೆ. ನಡುವೆ ಮುನ್ನಾ. ಎಂಟು ತಿಂಗಳು ತುಂಬಿತು ಮೊನ್ನೆ.

ಅವನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಉಸಿರಿದೆ. ಇವರ ಮೂಗಿನ ಹತ್ತಿರವೂ ಇಟ್ಟೆ. ಹುಚ್ಚು.

ನಿನ್ನೆ ಭಾನುವಾರ, ರಿಜಿಸ್ಟರಿನ ದಿನ. ಇವರು ಈಗ ನಡೆಸುವ ಹಿನ್ನೀರಿನ ಲಾಂಚು ಬೆಳಿಗ್ಗೆ ಹೊರಡುವ ಮೊದಲು ಸ್ಟೇರಿಂಗ್ ನೋಡಬೇಕು. ಚಕ್ರ ಎರಡೂ ಕಡೆ ಪೂರ್ತಿ ತಿರುಗಿಸಿ, ವಾಯರು ನೋಡಿ, ಪುಲ್ಲಿಗೆ ಗ್ರೀಸು ಹಚ್ಚಿ, ಚುಕ್ಕಾಣಿಯ ಪಿನ್ನು ಅಲ್ಲಾಡಿಸಿ, ಆಮೇಲೆ ಬರೆಯಬೇಕು. ಬರೆಯುವವರಾರು? ಬೆಳಗಿನ ಪಾಳಿಯ ಬೈರಣ್ಣನಿಗೆ ಹೆಬ್ಬೆಟ್ಟು. ಮಧ್ಯಾಹ್ನದ ಪಾಳಿಯ ಇವರಿಗೆ ಉರ್ದು ಮಾತ್ರ. ಸೂಪರ್‌ವೈಸರ್ ಮಧುಕೇಶ್ವರ ಅವರೇ ಹೇಳಿ ಕಳಿಸಿದ್ದು — “ನಿನ್ನ ಹೆಂಡ್ತಿ ಬಿ.ಎಸ್ಸಿ. ಅಲ್ಲವನಾ ಅಸ್ಲಂ, ಅವಳ ಹತ್ರ ಬರ್ಸ್ಕಂಡು ಬಾ. ಸಾಹೇಬ್ರು ನೋಡಿದ್ರೆ ಅಕ್ಷರ ಚಂದ ಇರ್ಬೇಕು.”

ಹಾಗಾಗಿ ಭಾನುವಾರ ಕೂತು ಇಡೀ ವಾರದ್ದನ್ನು ಒಮ್ಮೆಗೇ ಬರೆದುಬಿಡುತ್ತೇನೆ. ಸೋಮವಾರದಿಂದ ಶನಿವಾರ. “ಸ್ಟೇರಿಂಗ್ ಪರೀಕ್ಷಿಸಲಾಗಿದೆ. ಸರಿಯಿದೆ.” ಆರು ಸಲ. ಇನ್ನೂ ಹುಟ್ಟದ ಬೆಳಗುಗಳಿಗೆ ನನ್ನದೇ ಸರ್ಟಿಫಿಕೇಟು. ಶಿರಸಿ ಕಾಲೇಜಿನಲ್ಲಿ ಪ್ರಾಕ್ಟಿಕಲ್ ರೆಕಾರ್ಡು ಹೀಗೆ ಮುಂಚೆಯೇ ತುಂಬಿಸಿದ್ದರೆ ಮೇಷ್ಟ್ರು ಹರಿದು ಬಿಸಾಡುತ್ತಿದ್ದರು.

ಮೂರು ಹೊಡೆಯಿತು. ಮಲಗಬೇಕು.


14-2-2003, ಶುಕ್ರವಾರ. ಸಂಜೆ

ಇವತ್ತು ಲಾಂಚು ನಿಲ್ಲುವ ಧಕ್ಕೆಗೆ ಹೋಗಿದ್ದೆ. ಲಾಂಚು ನೋಡಬೇಕೆಂದು ಎಷ್ಟು ದಿನದಿಂದ ಹೇಳುತ್ತಿದ್ದೆ. “ಬಾ, ನಿನ್ನ ಕಣ್ಣಲ್ಲೇ ನೋಡಿಬಿಡು, ಆಮೇಲಾದರೂ ನಿದ್ದೆ ಮಾಡ್ತೀಯಾ” ಎಂದು ಇವರೇ ಬೈಕಿನಲ್ಲಿ ಕೂರಿಸಿಕೊಂಡು ಹೋದರು. ಮುನ್ನಾ ಮಡಿಲಲ್ಲಿ. (ಮನೆಯಲ್ಲಿ ನಾವು ಆಡುವ ಭಾಷೆ ಬೇರೆ. ಬರೆಯಲು ಕೂತರೆ ಎಲ್ಲವೂ ಕನ್ನಡವಾಗುತ್ತದೆ.)

ನೀರು ಶಾಂತ. ಅದೇ ಹೆದರಿಕೆ. ಮುಳುಗಿದ ಕಾಡಿನ ಬೊಡ್ಡೆಗಳು ನೀರಿನ ಮೇಲೆ ಕಪ್ಪಗೆ ನಿಂತಿವೆ, ನೂರಾರು. ಅವುಗಳ ನಡುವೆ ಒಂದು ಓಣಿ. ಲಾಂಚು ಆ ಓಣಿಯಲ್ಲೇ ಹೋಗಬೇಕು, ಅಲ್ಲೇ ಬರಬೇಕು. ನಟ್ಟನಡುವೆ ಒಂದು ತಿರುವು.

ನಾವು ತಲುಪಿದಾಗ ಬೈರಣ್ಣ ಹನ್ನೊಂದರ ಟ್ರಿಪ್ಪು ಮುಗಿಸಿ ಬೀಡಿ ಹಚ್ಚಿದ್ದರು. ಒಂದು ಕಣ್ಣಿಗೆ ಪೊರೆ. ಮುನ್ನಾನ ಕೆನ್ನೆ ಮುಟ್ಟಿ, “ಇಂವ ಎಂತ, ಅಪ್ಪನ ಹಾಂಗೆ ಲಾರಿಯನೋ, ನನ್ನ ಹಾಂಗೆ ದೋಣಿಯನೋ?” ಅಂದರು.

ಇವರು ಸ್ಪ್ಯಾನರು ತೆಗೆದುಕೊಂಡು ನೇರ ಲಾಂಚಿನ ಹಿಂಭಾಗಕ್ಕೆ ಹೋದರು. ಏನೋ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ. ದಿನಾ ಮಾಡುವುದಂತೆ ಅದು!

ಮುಂದಿನ ಚಕ್ರದಿಂದ ಒಂದು ವಾಯರು. ಅದರ ಎರಡು ತುದಿ ಲಾಂಚಿನ ಎರಡೂ ಬದಿ ಹಾದು ಹಿಂದೆ ಚುಕ್ಕಾಣಿಯ ತೋಳಿಗೆ ಬರುತ್ತವೆ. ಅಲ್ಲಿ ಕ್ಲ್ಯಾಂಪು, ನಾಲ್ಕು ನಟ್ಟು. ಬೈರಣ್ಣ ನಲವತ್ತು ವರ್ಷ ದೋಣಿ ನಡೆಸಿದವರು. ದೋಣಿಗೆ ಚಕ್ರವಿಲ್ಲ, ಹಿಂದೆ ಕೂತು ಚುಕ್ಕಾಣಿಯ ಕೋಲು ಹಿಡಿಯುವುದು. ಕೋಲು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ. ಆ ಕೈಗೆ ಈಗ ಚಕ್ರ ಕೊಟ್ಟರೂ ಅದು ಹಳೆಯ ಲೆಕ್ಕದಲ್ಲೇ ತಿರುಗುತ್ತದೆ. ಅದಕ್ಕೆ ಬೆಳಗಿನ ಪಾಳಿಗೆ ವಾಯರಿನ ತುದಿಗಳನ್ನು ಅದಲುಬದಲು ಮಾಡಿ ಕಟ್ಟುತ್ತಾರೆ. ಎಡಕ್ಕೆ ತಿರುಗಿಸಿದರೆ ಲಾಂಚು ಬಲಕ್ಕೆ! ಮಧ್ಯಾಹ್ನ ಇವರು ಬಂದು ಬಿಚ್ಚಿ ಮತ್ತೆ ಲಾರಿಯ ಹಾಗೆ ಕಟ್ಟುತ್ತಾರೆ. ಮರುದಿನ ಬೆಳಿಗ್ಗೆ ಅವರು. ಮಧ್ಯಾಹ್ನ ಇವರು. ಒಂಬತ್ತು ತಿಂಗಳು.

“ತಿರುಗಿಸಿದ ಕಡೆ ಮೂತಿ ಹೋಗಬೇಕು ಬೈರಣ್ಣ. ಇಡೀ ದುನಿಯಾ ಹಂಗೇ ಐತಿ” ಎಂದರು ಇವರು, ನಟ್ಟು ಬಿಗಿಯುತ್ತಾ.

“ನಿನ್ನ ದುನಿಯಾ ಟಾರು ರಸ್ತೆ ಮಾರಾಯಾ. ನೀರಲ್ಲಿ ಬ್ರೇಕು ಎಲ್ಲಿದೆ ತೋರ್ಸು ನೋಡ್ವಾ?”

“ನಿನಗ ಬ್ರೇಕ್ ಕೊಟ್ರೂ ಅದನ್ನೂ ಉಲ್ಟಾ ಒತ್ತತೀಯ ನೀನು.”

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. “ಮಧುಕೇಶ್ವರ ಅವರಿಗೆ ಗೊತ್ತಾ?” ಅಂದೆ. ಇಬ್ಬರ ನಗುವೂ ನಿಂತಿತು. ಗೊತ್ತಾದರೆ ಇಬ್ಬರೂ ಮನೆಗೆ.

ಕ್ಲ್ಯಾಂಪಿನ ಹತ್ತಿರ ಗ್ರೀಸು ದಪ್ಪಗೆ ಮೆತ್ತಿತ್ತು. ಮುನ್ನಾನ ಒಂದು ಹಳೆಯ ಬಟ್ಟೆಯಿಂದ ಒರೆಸಿ ನೋಡಿದೆ. ಬಟ್ಟೆ ಸಿಕ್ಕಿಕೊಂಡಿತು. ಎಳೆದೆ, ಹರಿಯಿತು. ಬಾಗಿ ನೋಡಿದರೆ ಕೂದಲಿನಂಥ ತಂತಿಗಳು ಎದ್ದು ನಿಂತಿವೆ. ಒಂದು, ಎರಡು, ಮೂರು.

“ಮೂರಾ? ಆರು ಹುರಿ, ಹುರಿಗೆ ಹತ್ತೊಂಬತ್ತು ಎಳೆ. ಲೆಕ್ಕ ನೀನೇ ಹಾಕು, ಓದಿದವಳು” ಎಂದರು ಇವರು.

ನೂರಾ ಹದಿನಾಲ್ಕು. ಮೂರು ಹೋದರೆ ನೂರಾ ಹನ್ನೊಂದು.


16-2-2003, ಭಾನುವಾರ

ಬರೆಯುವುದಿಲ್ಲ ಎಂದೆ. ರಿಜಿಸ್ಟರು ಮಂಚದ ಮೇಲೆ ಬಿದ್ದಿತ್ತು, ಇಡೀ ಮಧ್ಯಾಹ್ನ.

ಒಂದೇ ಜಾಗದಲ್ಲಿ ಕ್ಲ್ಯಾಂಪು ದಿನಕ್ಕೆ ಎರಡು ಸಲ ಕಚ್ಚಿ ಬಿಟ್ಟು, ಕಚ್ಚಿ ಬಿಟ್ಟು... ಕಬ್ಬಿಣಕ್ಕೂ ದಣಿವಾಗುತ್ತದೆ. ಎರಡನೇ ವರ್ಷದ ಪಾಠ. ದಣಿದದ್ದು ಹೊರಗೆ ಕಾಣುವುದಿಲ್ಲ, ಒಮ್ಮೆಗೇ ಹೋಗುತ್ತದೆ. ಹೇಳಿದೆ. ವಾಯರು ಬದಲಿಸಿ, ಯಾವಾಗಲೂ ಒಂದೇ ರೀತಿ ಕಟ್ಟಿ, ಇಬ್ಬರಲ್ಲಿ ಒಬ್ಬರು ಕೈ ತಿದ್ದಿಕೊಳ್ಳಿ ಎಂದೆ.

“ಹೊಸ ವಾಯರು ಕೇಳಿದರೆ ಹಳೇದಕ್ಕೇನಾಯ್ತು ಅಂತ ಬಂದು ನೋಡ್ತಾರೆ. ನೋಡಿದರೆ ಕ್ಲ್ಯಾಂಪಿನ ಗುರುತು ಕಾಣತ್ತೆ.” ಆಮೇಲೆ ಮೆಲ್ಲಗೆ — “ಲಾಂಚು ಹೋದರೆ ನನಗೇನು, ಲಾರಿ ಇದ್ದೇ ಇದೆ. ನಾಳೆನೇ ಹತ್ತಲಾ?”

ಗೊತ್ತಿತ್ತು ಇವರಿಗೆ, ಎಲ್ಲಿ ಒತ್ತಬೇಕು ಎಂದು. ಅರಬೈಲು ಘಾಟಿಯಲ್ಲಿ ಇವರ ಲಾರಿ ಮಗುಚಿದಾಗ ನನಗೆ ಏಳು ತಿಂಗಳು. ಆಸ್ಪತ್ರೆಯಲ್ಲಿ ಕಾಲು ಹಿಡಿದುಕೊಂಡು ಅತ್ತಿದ್ದೆ, ಸಾಕು, ಬೇರೆ ಏನಾದರೂ ಮಾಡಿ ಎಂದು. ಈ ಲಾಂಚು ನನ್ನ ಅಳುವಿಗೆ ಸಿಕ್ಕಿದ್ದು.

ಬರೆದೆ. ಸೋಮವಾರದಿಂದ ಶನಿವಾರ. ಅಕ್ಷರ ಎಂದಿಗಿಂತ ಚಂದ ಬಂತು.


20-2-2003. ರಾತ್ರಿ 3-10

ನಿದ್ದೆ ಇಲ್ಲ. ಮಗು ಎದ್ದದ್ದಲ್ಲ. ಕಣ್ಣು ಮುಚ್ಚಿದರೆ ಕೂದಲಿನಂಥ ತಂತಿಗಳು.

ಪಾರ್ವತವ್ವ ಬೆಳಿಗ್ಗೆ ಹಾಲು ಕೊಡಲು ಬಂದಾಗ ಮುಖ ನೋಡಿದರು. “ಯಾಕವಾ ಸಾಮಿಯಾ, ಸೊರಗೀಯಲ್ಲ. ಕೂಸಿಗೆ ನೆದರಾದ್ರ ಮೆಣಸಿನಕಾಯಿ ಇಳಿಸಬಹುದು. ಅವ್ವಗ ಆದ್ರ ಏನ್ ಇಳಿಸೂದು?” ಪಕ್ಕದ ಮನೆ. ನಮ್ಮ ಸಾಲಿಗೆಲ್ಲ ಅವರದೊಂದೇ ಫೋನು. ಹೇಳಿಬಿಡಬೇಕು ಎನಿಸಿತು. ಹೇಳಲಿಲ್ಲ.

ದಿನಾ ರಾತ್ರಿ ಇವರನ್ನು ಕೇಳುವುದು ಒಂದೇ. ಎಷ್ಟು? ಐದು, ಎಂದರು ಮೊನ್ನೆ. ಇವತ್ತು — “ಎಣಿಸಲಿಲ್ಲ.”


11-3-2003

ಬರೆಯದೆ ಇಪ್ಪತ್ತು ದಿನವಾಯಿತು. ಬರೆಯುವುದೇನಿದೆ. ಭಾನುವಾರ ಸುಳ್ಳು ಬರೆದ ಕೈಯಲ್ಲಿ ಇಲ್ಲಿ ನಿಜ ಬರೆಯಲು ನಾಚಿಕೆ.

ಹನ್ನೊಂದು ಎಳೆ. ಇವರ ಬೆರಳಿನಲ್ಲಿ ಗಾಯ, ತಂತಿ ಚುಚ್ಚಿದ್ದು. ಅರಿಶಿನ ಹಚ್ಚಿದೆ.


17-3-2003, ಸೋಮವಾರ. ಮಧ್ಯಾಹ್ನ

ವಿನೋದಾ ಬಂದಿದ್ದಳು. ಕಾಲೇಜಿನ ಗೆಳತಿ, ಈಗ ಹಿನ್ನೀರಿನ ಆಚೆ ದಡದ ಶಾಲೆಯಲ್ಲಿ ಟೀಚರು. ವಾರಕ್ಕೊಮ್ಮೆ ಲಾಂಚು ದಾಟಿ ಬರುತ್ತಾಳೆ.

“ಎಂತ ಮಾಡ್ಕಂಡಿದ್ಯೇ? ಕಣ್ಣು ಎರಡೂ ಒಳಗೆ ಹೋಗಿದ್ದಲೇ. ಮಗನಿಗಿಂತ ನಿನ್ನನ್ನೇ ತೊಟ್ಟಿಲಿಗೆ ಹಾಕ್ಬೇಕು” ಎಂದು ಬೈದಳು. ಮುನ್ನಾನನ್ನು ಎತ್ತಿಕೊಂಡು ಕುಣಿಸಿದಳು.

ಇಪ್ಪತ್ತಾರನೇ ತಾರೀಕು ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರು. ಸೆಂಟರು ಈಚೆ ದಡದಲ್ಲಿ. ಅವಳ ಮಕ್ಕಳು ಇಪ್ಪತ್ತಾರು ಜನ, ದಿನಾ ಲಾಂಚಿನಲ್ಲೇ ದಾಟಬೇಕು. ಬೆಳಿಗ್ಗೆ ಏಳಕ್ಕೆ ಲಾಂಚು ಈಚೆಯಿಂದ ಹೊರಟು, ಏಳೂವರೆಗೆ ಆಚೆಯಿಂದ ಮಕ್ಕಳನ್ನು ತುಂಬಿಕೊಂಡು ಬರುತ್ತದೆ. “ಇಪ್ಪತ್ತಾರಕ್ಕೆ ಇಪ್ಪತ್ತಾರು ಜನ, ನೋಡು, ಲಕ್ಕಿ ನಂಬರ್. ಮೂರು ಹುಡುಗಿಯರಿಗೆ ನೀರು ಅಂದ್ರೆ ಹೆದರಿಕೆ. ಬೈರಣ್ಣ ಇದ್ರೆ ಎಂತದೂ ಆಗ್ತಿಲ್ಲೆ ಅಂತ ನಾನೇ ಹೇಳಿಟ್ಟಿದ್ದಿ.”

ನಾನು ಚಹಾ ಸೋಸುತ್ತಿದ್ದೆ. ತಿರುಗಿ ನೋಡಲಿಲ್ಲ.

“ಎಂತಾದ್ರೂ ಹೇಳೂದಿತ್ತನೇ?”

“ಇಲ್ಲ. ಸಕ್ಕರೆ ಸಾಕಾ?”


23-3-2003, ಭಾನುವಾರ

ಬರೆದೆ. 24, 25, 26, 27, 28, 29. ಇಪ್ಪತ್ತಾರನೇ ಸಾಲಿನ ಮೇಲೆ ಪೆನ್ನು ನಿಂತಿತ್ತು. ಮುನ್ನಾ ಅತ್ತ. ಬೇಗ ಬೇಗ ಮುಗಿಸಿ ಎದ್ದೆ.


25-3-2003, ಮಂಗಳವಾರ. ರಾತ್ರಿ 9-20

ಇವರು ಈಗ ಹೋದರು.

ಏಳೂವರೆಗೆ ಬಂದರು. ಮೊಣಕೈವರೆಗೆ ಗ್ರೀಸು. ಊಟ ಬೇಡ ಎಂದರು. ಮುನ್ನಾ ಸಂಜೆಯಿಂದ ಸಪ್ಪಗಿದ್ದಾನೆ, ಮೈ ಬೆಚ್ಚಗಿದೆ, ಅದನ್ನು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವರೇ ಕೂತರು, ಗೋಡೆಗೆ ಒರಗಿ.

ಆರರ ಟ್ರಿಪ್ಪಿನಲ್ಲಿ ತಿರುವಿನ ಹತ್ತಿರ ಚಕ್ರ ಸಡಿಲ ಅನಿಸಿತಂತೆ. ದಡಕ್ಕೆ ಬಂದು ಬಿಚ್ಚಿ ನೋಡಿದರೆ ಎಡಗಡೆ ತುದಿಯಲ್ಲಿ ನಾಲ್ಕು ಹುರಿ ಪೂರ್ತಿ ಹೋಗಿವೆ. ಐದನೆಯದು ಅರ್ಧ.

“ಮತ್ತೆ?”

“ಸುತ್ತಿದೆ. ತೆಳು ತಂತಿ, ಮೇಲೆ ಕರೀ ಟೇಪು, ಮೇಲೆ ಗ್ರೀಸು.”

“ಬೈರಣ್ಣ ಬೆಳಿಗ್ಗೆ ಬಿಚ್ಚಿ ಕಟ್ಟುವಾಗ ನೋಡೋದಿಲ್ವಾ?”

ಬೆರಳಿನ ಗ್ರೀಸು ಉಜ್ಜಿಕೊಂಡರು. ಆಮೇಲೆ ಹೇಳಿದರು. ಬೈರಣ್ಣನ ಕಡೆಗೆ ತಾವೇ ಅದಲುಬದಲು ಮಾಡಿ ಕಟ್ಟಿಟ್ಟು ಬಂದಿದ್ದಾರೆ. ಹೇಳಿಯೂ ಬಂದಿದ್ದಾರೆ — ಬೆಳಿಗ್ಗೆ ನೀನು ಸ್ಪ್ಯಾನರು ಹಿಡಿಯುವುದು ಬೇಡ ಬೈರಣ್ಣ, ಪರೀಕ್ಷೆ ದಿನ, ತಡ ಆಗಬಾರದು. ಬೈರಣ್ಣನಿಗೆ ಎಷ್ಟು ಖುಷಿಯಾಯಿತಂತೆ. “ಲಾರಿಯಂವಂಗೂ ಬುದ್ಧಿ ಬಂತು ನೋಡು” ಅಂದರಂತೆ.

ಇದನ್ನು ಹೇಳುವಾಗ ಇವರ ಕಣ್ಣಲ್ಲಿ ನೀರು. ನಾನು ಮುಟ್ಟಲಿಲ್ಲ.

ರಾತ್ರಿ ಲಾರಿ ಹಿಡಿದು ಹುಬ್ಬಳ್ಳಿಗೆ. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ವಾಯರು ಕೊಂಡು ಮಧ್ಯಾಹ್ನದೊಳಗೆ ವಾಪಸು. ತಮ್ಮ ಪಾಳಿಯಲ್ಲಿ ಯಾರಿಗೂ ಗೊತ್ತಾಗದಂತೆ ಹಾಕಿಬಿಡುವುದು.

“ನಾಳೆ ಬೆಳಿಗ್ಗೆ ವಿನೋದಾಳ ಮಕ್ಕಳು.”

“ಒಂದೇ ಬೆಳಿಗ್ಗೆ ಸಾಮಿಯಾ. ಇಷ್ಟು ದಿನ ತಡೆದದ್ದು ಒಂದು ಬೆಳಿಗ್ಗೆ ತಡೆಯುವುದಿಲ್ವಾ? ಈಗ ಹೇಳಿದರೆ ಬರೀ ಕೆಲಸ ಹೋಗೋದಲ್ಲ. ರಿಜಿಸ್ಟರು ತೆಗೀತಾರೆ. ಅಕ್ಷರ ಯಾರದು?”

ಬೇಡ ಅನ್ನಲಿಲ್ಲ. ಇದನ್ನು ಇಲ್ಲಾದರೂ ಸರಿಯಾಗಿ ಬರೆಯಬೇಕು — ನಾನು ಬೇಡ ಅನ್ನಲಿಲ್ಲ. ಡಬ್ಬಿಗೆ ಚಪಾತಿ ಹಾಕಿ ಕೊಟ್ಟೆ.


26-3-2003. ರಾತ್ರಿ 2-50. ಶಿರಸಿ, ಆಸ್ಪತ್ರೆ

ಮುನ್ನಾನಿಗೆ ಫಿಟ್ಸು. ಹತ್ತೂವರೆಗೆ. ಮೈ ಬೆಂಕಿ, ಕಣ್ಣುಗುಡ್ಡೆ ಮೇಲೆ, ಕೈಕಾಲು ಸೆಟೆದು... ಪಾರ್ವತವ್ವನ ಬಾಗಿಲು ಬಡಿದೆ. ಅವರ ಮಗ ತನ್ನ ಟ್ರ್ಯಾಕ್ಸ್ ಜೀಪು ತೆಗೆದ. ಯಲ್ಲಾಪುರದಲ್ಲಿ ಡಾಕ್ಟರು ಸೂಜಿ ಹಾಕಿ, ಶಿರಸಿಗೆ ಒಯ್ಯಿರಿ ಎಂದರು. ಇಲ್ಲಿ ಬಂದಾಗ ಒಂದೂವರೆ. ಈಗ ಡ್ರಿಪ್ಪು. ನಿದ್ದೆ ಮಾಡುತ್ತಿದ್ದಾನೆ. ಸೂಜಿ ಚುಚ್ಚಿದ ಪುಟ್ಟ ಕೈಯನ್ನು ಅಲ್ಲಾಡದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದೇನೆ. ಡೈರಿ ಹೇಗೆ ಬಂತೋ ತಿಳಿಯದು. ಮಗುವಿನ ಬಟ್ಟೆಯ ಜೊತೆ ಚೀಲಕ್ಕೆ ತುರುಕಿದ್ದೆ.

“ಅಳೂದೆಂತಕ್ಕೆ ಅಕ್ಕಾ? ಜ್ವರದ ಫಿಟ್ಸು, ಸುಮಾರು ಮಕ್ಕಳಿಗೆ ಬರ್ತದೆ” ಎಂದರು ನರ್ಸು. “ಇನ್ನೊಂದ್ಸಲ ಬರದೇ ಇದ್ರೆ ಹೆದ್ರೂದು ಬೇಡ. ಬಂದ್ರೆ ಮಾತ್ರ ಹುಬ್ಬಳ್ಳಿಗೆ.”

ಪಾರ್ವತವ್ವನ ಮನೆಯಲ್ಲಿ ಫೋನಿನ ಎದುರೇ ನಿಂತಿದ್ದೆ, ಹತ್ತು ನಿಮಿಷ, ಟ್ರ್ಯಾಕ್ಸ್ ಸ್ಟಾರ್ಟ್ ಆಗುವವರೆಗೆ. ಕೈ ಚಾಚಿದರೆ ಸಿಗುತ್ತಿತ್ತು. ಧಕ್ಕೆಯ ಶೆಡ್ಡಿನಲ್ಲಿ ಫೋನಿದೆ, ಮಧುಕೇಶ್ವರ ಅವರು ಅಲ್ಲೇ ಮಲಗುತ್ತಾರೆ. ನೆನಪೇ ಆಗಲಿಲ್ಲ. ಆಗ ಲೋಕದಲ್ಲಿ ಇದ್ದದ್ದು ಒಂದೇ ಮಗು.

ಈಗ ಇವನು ಉಸಿರಾಡುತ್ತಿದ್ದಾನೆ. ಈಗ ಉಳಿದ ಇಪ್ಪತ್ತಾರು ಜನ ಒಬ್ಬೊಬ್ಬರಾಗಿ ಬಂದು ಈ ಮಂಚದ ಸುತ್ತ ನಿಲ್ಲುತ್ತಿದ್ದಾರೆ.

ಪಾರ್ವತವ್ವನ ಮಗ ವಾಪಸು ಹೊರಟು ಹೋದ. ಬೆಳಿಗ್ಗೆ ಬಾಡಿಗೆ ಇದೆಯಂತೆ. ಅವನ ಹತ್ತಿರವಾದರೂ ಹೇಳಿ ಕಳಿಸಬಹುದಿತ್ತು. ಅವನು ಗೇಟು ದಾಟಿದ ಮೇಲೆ ಹೊಳೆಯಿತು.

ಕೌಂಟರಿನಲ್ಲಿ ಫೋನಿದೆ. ಡಯಲಿಗೆ ಬೀಗ. “ಬರೂ ಫೋನ್ ಮಾತ್ರ ಅಕ್ಕಾ. ಕೀಲಿ ಆಫೀಸಿನವ್ರ ಹತ್ರ, ಆರಕ್ಕೆ ಬರ್ತಾರೆ.” ವಾಚ್‌ಮನ್ನರನ್ನು ಕೇಳಿದೆ. ಪಾಪ, ನಡೆದು ಹೋಗಿ ನೋಡಿ ಬಂದರು. ಎಸ್‌ಟಿಡಿ ಬೂತಿನ ಶಟರು ಹಾಕಿದೆ, ಐದೂವರೆಗೆ ತೆಗೆಯುತ್ತಾರೆ.

ಐದೂವರೆ. ಏಳಕ್ಕೆ ಇನ್ನೂ ಒಂದೂವರೆ ಗಂಟೆ ಇರುತ್ತದೆ. ಸಾಕು. ನಾನೇ ಹೋಗಿ ಮಾಡುತ್ತೇನೆ. ಇವರ ಹೆಸರು ಹೇಳುತ್ತೇನೆ, ನನ್ನದೂ. ರಿಜಿಸ್ಟರು ತೆಗೆಯಲಿ. ಇವರು ಮತ್ತೆ ಲಾರಿ ಹತ್ತಲಿ. ದಿನಾ ಎದ್ದು ಕೂರುತ್ತೇನೆ, ಕೂತರಾಯಿತು.

ಇಷ್ಟು ಸುಲಭವಾ? ನಲವತ್ತು ದಿನ ಯಾಕೆ ಆಗಲಿಲ್ಲ?


3-50

ಮತ್ತೆ ಬಂತು. ಮೊದಲಿಗಿಂತ ಜೋರು. ಡಾಕ್ಟರು ಬಂದಿದ್ದಾರೆ. ಹುಬ್ಬಳ್ಳಿಗೆ, ಈಗಲೇ. ಕಾರು ಹೇಳಿದ್ದಾರೆ, ಹತ್ತು ನಿಮಿಷ. ಆಕ್ಸಿಜನ್ನು ಹಿಡಿದು ನರ್ಸೂ ಜೊತೆಗೆ ಬರುತ್ತಾರೆ. ದಾರಿಯಲ್ಲಿ ಈ ಹೊತ್ತಿಗೆ ಯಾವ ಬೂತೂ ತೆರೆದಿರುವುದಿಲ್ಲ. ಕಾರು ನಿಲ್ಲಿಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ನನಗೆ ನಾನು ಗೊತ್ತು.

ವಾಚ್‌ಮನ್ನರಿಗೆ ಹೇಳಿದೆ. ಹ್ಞೂಂ ಹ್ಞೂಂ ಎಂದರು, ಸ್ಟ್ರೆಚರು ತರಲು ಓಡಿದರು. ಏನು ಕೇಳಿಸಿತೋ ಏನು ಬಿಟ್ಟಿತೋ. ಅದಕ್ಕೆ ಬರೆಯುತ್ತಿದ್ದೇನೆ. ಈ ಪುಸ್ತಕವನ್ನು ಕೌಂಟರಿನ ಮೇಲೆ, ಫೋನಿನ ಪಕ್ಕದಲ್ಲಿ, ಇದೇ ಪುಟ ತೆರೆದು ಬಿಟ್ಟು ಹೋಗುತ್ತೇನೆ.

ನೀವು ಯಾರೋ ನನಗೆ ಗೊತ್ತಿಲ್ಲ. ಬೇರೆಯವರ ಡೈರಿ ಎಂದು ಮುಚ್ಚಬೇಡಿ. ಓದಿ.

ಹಿನ್ನೀರಿನ ಧಕ್ಕೆಗೆ ಫೋನ್ ಮಾಡಬೇಕು. ನಂಬರು ಈ ಪುಸ್ತಕದ ಮೊದಲ ಪುಟದಲ್ಲಿದೆ, ಮಗುವಿನ ಇಂಜೆಕ್ಷನ್ ತಾರೀಕುಗಳ ಕೆಳಗೆ. ಬೀಗದ ಕೀಲಿಗೆ ಕಾಯಬೇಡಿ. ಹತ್ತಿರದ ಯಾವ ಮನೆಯಲ್ಲಿ ಫೋನಿದ್ದರೂ ಬಾಗಿಲು ಬಡಿಯಿರಿ. ಮಧುಕೇಶ್ವರ ಅನ್ನುವವರು ಎತ್ತುತ್ತಾರೆ. ನಿದ್ದೆ ಜಾಸ್ತಿ ಅವರಿಗೆ, ಎತ್ತದಿದ್ದರೆ ಮತ್ತೆ ಮಾಡಿ. ಮತ್ತೆ ಮತ್ತೆ ಮಾಡಿ. ಏಳರ ಲಾಂಚು ಬಿಡಬಾರದು. ಅಷ್ಟೇ ಹೇಳಿ. ಸ್ಟೇರಿಂಗ್ ವಾಯರು ಹೋಗಿದೆ. ಹಿಂದೆ, ಎಡಗಡೆ ಕ್ಲ್ಯಾಂಪಿನಲ್ಲಿ, ಟೇಪಿನ ಒಳಗೆ. ಬೈರಣ್ಣ ನಂಬುವುದಿಲ್ಲ, ಅಸ್ಲಂ ನಿನ್ನೆ ಕಟ್ಟಿಟ್ಟಿದ್ದಾನಲ್ಲ ಎನ್ನುತ್ತಾರೆ. ಟೇಪು ಬಿಚ್ಚಿ ನೋಡಲಿ. ರಿಜಿಸ್ಟರಿನಲ್ಲಿ ಸರಿಯಿದೆ ಎಂದು ಬರೆದಿದೆ, ಅದನ್ನು ನಂಬಬೇಡಿ ಎನ್ನಿ. ಬರೆದವಳೇ ಹೇಳಿದಳು ಎನ್ನಿ. ಅಸ್ಲಂ ಹೆಂಡತಿ ಸಾಮಿಯಾ.

ಹಿಂದಿನ ಪುಟಗಳನ್ನೂ ಓದಿ ಬೇಕಾದರೆ. ಯಾರಿಗೆ ಬೇಕಾದರೂ ಕೊಡಿ, ಪೊಲೀಸರಿಗೆ ಕೊಡಿ. ಆದರೆ ಅದು ಆಮೇಲೆ. ಮೊದಲು ಫೋನು.

ಆಚೆ ದಡದಲ್ಲಿ ಮಕ್ಕಳು ಆರೂವರೆಗೇ ಬಂದು ನಿಲ್ಲುತ್ತಾರೆ, ಹೊಸ ಪೆನ್ನು ಹಿಡಿದು. ಪರೀಕ್ಷೆ ತಪ್ಪಿದರೆ ತಪ್ಪಲಿ. ನನ್ನ ಗೆಳತಿ ಇದ್ದಾಳೆ ಅವರ ಜೊತೆ, ವಿನೋದಾ, ಅವಳಿಗೆ ಈಜು ಬರುವುದಿಲ್ಲ —

ಕಾರು ಬಂತು. ಮುನ್ನಾನನ್ನು ಎತ್ತುತ್ತಿದ್ದಾರೆ. ನಿಮ್ಮ ಕಾಲಿಗೆ ಬೀಳುತ್ತೇನೆ. ಬೆಳಗಾಗುವುದರೊಳಗೆ ಒಂದು ಫೋನು. ಒಂದೇ ಒಂದು